ವಾಸಿಯಾಗದ ಗ್ರಹಣಿ ಮತ್ತು ಕರುಳಿನ ಅಪರೂಪದ ಅರ್ಬುದ

ಹೊಟ್ಟೆಯ ಕಾಯಿಲೆಗಳ ಪೈಕಿ ‘ಗ್ರಹಣಿ’ ಎಂಬ ಹೆಸರು ನಮ್ಮ ಮನೆಮನೆಗಳಲ್ಲಿ ಚಿರಪರಿಚಿತವಾದುದು. ಉಂಡದ್ದು ಅರಗುವುದಿಲ್ಲ, ದಿನಕ್ಕೆ ಹಲವು ಸಲ ಬಹಿರ್ದೆಸೆಗೆ ಹೋಗಬೇಕಾಗುತ್ತದೆ, ಹೊಟ್ಟೆ ಉಬ್ಬರಿಸುತ್ತದೆ, ಮೈಯಲ್ಲಿ ಕಸುವಿಲ್ಲ ಎಂದರೆ ಸಾಕು, ‘ಇದು ಗ್ರಹಣಿ, ಮಜ್ಜಿಗೆ ಕುಡಿ, ಖಾರ ಬಿಡು’ ಎಂದು ಹಿರಿಯರು ಹೇಳಿಬಿಡುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ಆ ಮಾತು ಸರಿಯೇ. ಚರಕಸಂಹಿತೆಯ ಚಿಕಿತ್ಸಾಸ್ಥಾನದ 15ನೆಯ ಅಧ್ಯಾಯವು ಈ ವ್ಯಾಧಿಯನ್ನೇ ಕುರಿತದ್ದು. ತಕ್ರದ, ಅಂದರೆ ಮಜ್ಜಿಗೆಯ ಗುಣವನ್ನು ಅಲ್ಲಿ ಬಹುವಾಗಿ ಮೆಚ್ಚಿ ಹೇಳಿದೆ. ಪಥ್ಯ, ದೀಪನ, ಪಾಚನಗಳಿಂದ ಗುಣ ಕಂಡವರ ಸಂಖ್ಯೆ ನಮ್ಮ ವೃತ್ತಿಯಲ್ಲಿ ದೊಡ್ಡದು.

ಆದರೆ ಗ್ರಹಣಿಯಂತೆ ತೋರುವುದೆಲ್ಲವೂ ಗ್ರಹಣಿಯಲ್ಲ. ತೀರ ಅಪರೂಪವಾಗಿ ಇವೇ ಲಕ್ಷಣಗಳ ಮರೆಯಲ್ಲಿ, ಸಣ್ಣ ಕರುಳಿನ ಗೋಡೆಯಲ್ಲಿ ಹುಟ್ಟುವ ಒಂದು ಬಗೆಯ ಅರ್ಬುದ ಅಡಗಿರುತ್ತದೆ. ಆಧುನಿಕ ವೈದ್ಯಶಾಸ್ತ್ರವು ಇದನ್ನು ಕರುಳಿನ ಟಿ-ಜೀವಕೋಶ ಲಿಂಫೋಮಾ ಎಂದು ಕರೆಯುತ್ತದೆ. ಇದನ್ನು ನಾಡಿ ಹಿಡಿದಾಗಲಿ, ಹೊಟ್ಟೆ ಒತ್ತಿ ನೋಡಿಯಾಗಲಿ, ರಕ್ತಪರೀಕ್ಷೆಯಿಂದಾಗಲಿ, ಸ್ಕ್ಯಾನ್ ಒಂದರಿಂದಲೇ ಆಗಲಿ ಯಾರೂ ನಿಶ್ಚಯಿಸಲಾರರು. ಕರುಳಿನ ತುಣುಕನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿ ನೋಡಿಯೇ ನಿಶ್ಚಯಿಸಬೇಕು. ಹೀಗಿರುವಾಗ ವೈದ್ಯನು ಯಾವ ಪದ್ಧತಿಯವನೇ ಆಗಿರಲಿ, ಆ ತುಣುಕು ಸಕಾಲದಲ್ಲಿ, ಕೆಡದ ಸ್ಥಿತಿಯಲ್ಲಿ ರೋಗವಿಜ್ಞಾನಿಯ ಮೇಜನ್ನು ತಲಪುವಂತೆ ನೋಡಿಕೊಳ್ಳುವುದು ಅವನ ಕರ್ತವ್ಯವೆಂಬುದೇ ಈ ಲೇಖನದಲ್ಲಿ ನಾನು ಹೇಳಬಯಸುವ ಮಾತು.

ಶ್ರೀಮಠದ ಪತ್ರಿಕೆಯಲ್ಲಿ ಇಷ್ಟು ಅಪರೂಪದ ರೋಗದ ಚರ್ಚೆ ಏಕೆಂದು ಸದ್ಭಕ್ತರಿಗೆ ಅನ್ನಿಸಬಹುದು. ಕಾರಣವಿದೆ. ದಾವಣಗೆರೆ, ಹಾವೇರಿ, ಶಿವಮೊಗ್ಗ ಕಡೆಯ ಅನೇಕ ಕುಟುಂಬಗಳು ಕೊನೆಯ ಆಸರೆಯೆಂದು ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಬರುತ್ತವೆ. ಬರುವ ಮೊದಲು ಅವರು ತಿಂಗಳುಗಟ್ಟಲೆ ನಮ್ಮಂಥ ಆಯುರ್ವೇದ ವೈದ್ಯರ ಬಳಿ, ನಾಟಿ ಔಷಧಿ ಕೊಡುವವರ ಬಳಿ ಅಲೆದಿರುತ್ತಾರೆ. ಆ ತಿಂಗಳುಗಳು ಹೇಗೆ ಕಳೆಯುತ್ತವೆ ಎಂಬುದರ ಮೇಲೆ ಮುಂದಿನದೆಲ್ಲವೂ ನಿಂತಿದೆ.

ರೋಗದ ಸ್ವರೂಪ

ನಮ್ಮ ಸಣ್ಣ ಕರುಳು ಸುಮಾರು 6 ಮೀಟರ್ ಉದ್ದದ ನಳಿಕೆ. ಅದರ ಒಳಪದರದಲ್ಲಿ ಮಖಮಲ್ಲಿನ ಎಳೆಗಳಂತೆ ಅಸಂಖ್ಯ ಸೂಕ್ಷ್ಮ ಕುಚ್ಚುಗಳಿವೆ. ಅನ್ನದ ಸಾರವನ್ನು ಹೀರಿ ರಕ್ತಕ್ಕೆ ಸೇರಿಸುವ ಕಾರ್ಯ ಅವುಗಳದು. ಆಹಾರದೊಡನೆ ಒಳಬರುವ ರೋಗಾಣುಗಳನ್ನು ತಡೆಯಲು ಆ ಪದರದ ನಡುನಡುವೆ ಕಾವಲುಗಾರರಂತೆ ಲಿಂಫೋಸೈಟ್ ಎಂಬ ಬಿಳಿಯ ರಕ್ತಕಣಗಳು ನೆಲೆಸಿರುತ್ತವೆ. ಇವುಗಳಲ್ಲಿ ಬಿ ಮತ್ತು ಟಿ ಎಂಬ ಎರಡು ಮುಖ್ಯ ಬಗೆಗಳು. ಕರುಳಿನ ಒಳಪದರದ ಜೀವಕೋಶಗಳ ನಡುವೆ ಕುಳಿತು ಕಾಯುವವು ಹೆಚ್ಚಾಗಿ ಟಿ-ಜೀವಕೋಶಗಳು.

ಈ ಕಾವಲುಗಾರರಲ್ಲೇ ಒಂದು ಸಂತತಿಯು ಅಂಕೆ ಮೀರಿ ಬೆಳೆಯತೊಡಗಿದರೆ ಅದೇ ಲಿಂಫೋಮಾ. ಜಠರ ಮತ್ತು ಕರುಳಿನಲ್ಲಿ ಕಾಣುವ ಲಿಂಫೋಮಾಗಳ ಪೈಕಿ ಹೆಚ್ಚಿನವು ಬಿ-ಜೀವಕೋಶದವು. ಅವುಗಳಿಗೆ ಇಂದು ಉತ್ತಮ ಚಿಕಿತ್ಸೆಗಳಿವೆ. ಟಿ-ಜೀವಕೋಶದವು ಅಲ್ಪಸಂಖ್ಯಾತ, ಆದರೆ ಉಗ್ರಸ್ವಭಾವದವು. ಅವು ಕರುಳಿನ ಗೋಡೆಯಲ್ಲಿ ಹುಣ್ಣು ಮಾಡುತ್ತವೆ, ಗೋಡೆಯನ್ನು ದಪ್ಪಗೊಳಿಸುತ್ತವೆ, ದಾರಿಯನ್ನು ಕಿರಿದಾಗಿಸುತ್ತವೆ, ಕೆಲವೊಮ್ಮೆ ಗೋಡೆಯನ್ನೇ ತೂತು ಮಾಡುತ್ತವೆ. ಸಾಮಾನ್ಯವಾಗಿ ಐವತ್ತರ ಆಚೆಗಿನ ವಯಸ್ಸಿನವರಲ್ಲಿ ಕಾಣುತ್ತವೆ.

ಈ ರೋಗದ ಗುರುತು ಹಿಡಿಯಲು ವೈದ್ಯಲೋಕಕ್ಕೇ ಬಹಳ ಕಾಲ ಹಿಡಿಯಿತು. ಇಂಗ್ಲೆಂಡಿನ ಪೀಟರ್ ಐಸಾಕ್ಸನ್ ಮತ್ತು ಡೆನ್ನಿಸ್ ರೈಟ್ ಎಂಬ ರೋಗವಿಜ್ಞಾನಿಗಳು 1978ರಲ್ಲಿ, ಆಹಾರಸಾರ ಹೀರಲಾರದ ರೋಗಿಗಳ ಕರುಳಿನಲ್ಲಿ ಹುಟ್ಟುವ ಲಿಂಫೋಮಾವನ್ನು ವಿವರಿಸಿದರು. ಆಗ ಅದು ಬೇರೊಂದು ಬಗೆಯ ಜೀವಕೋಶದಿಂದ ಹುಟ್ಟಿದ್ದೆಂದು ಭಾವಿಸಲಾಗಿತ್ತು. 1985ರಲ್ಲಿ ಐಸಾಕ್ಸನ್ ಮತ್ತು ಸಂಗಡಿಗರೇ ಅದರ ಮೂಲ ಟಿ-ಜೀವಕೋಶವೆಂದು ತೋರಿಸಿಕೊಟ್ಟರು. ಪರಿಣತರಿಗೇ ಹೆಸರನ್ನು ತಿದ್ದಿಕೊಳ್ಳಲು ಏಳು ವರ್ಷ ಬೇಕಾದ ರೋಗವನ್ನು ಕೇವಲ ಲಕ್ಷಣ ಕೇಳಿ ಗುರುತಿಸುತ್ತೇನೆ ಎನ್ನುವವರ ಮಾತನ್ನು ನಂಬುವುದೆಂತು?

ಇಂದು ಈ ಗುಂಪಿನಲ್ಲಿ ಎರಡು ಮುಖ್ಯ ರೋಗಗಳನ್ನು ಬೇರೆಬೇರೆಯಾಗಿ ಎಣಿಸುತ್ತಾರೆ. ಮೊದಲನೆಯದು ಸೀಲಿಯಾಕ್ ರೋಗದ ಬೆನ್ನಿಗೆ ಬರುವುದು. ಗೋಧಿ, ಬಾರ್ಲಿಗಳಲ್ಲಿರುವ ಗ್ಲುಟೆನ್ ಎಂಬ ಅಂಶವು ಒಗ್ಗದೆ ಕರುಳಿನ ಕುಚ್ಚುಗಳು ಸವೆದುಹೋಗುವುದೇ ಸೀಲಿಯಾಕ್ ರೋಗ. ಗೋಧಿಗೂ ಈ ರೋಗಕ್ಕೂ ಇರುವ ಸಂಬಂಧವನ್ನು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ 1950ರ ತಮ್ಮ ಪ್ರೌಢಪ್ರಬಂಧದಲ್ಲಿ ಸ್ಥಾಪಿಸಿದರು. ನಮ್ಮ ದೇಶದಲ್ಲಿ ಇದು ಉತ್ತರದ ರಾಜ್ಯಗಳಲ್ಲಿ ಹೆಚ್ಚು, ದಕ್ಷಿಣದಲ್ಲಿ ತೀರ ಕಡಿಮೆ. ಸೀಲಿಯಾಕ್ ರೋಗಿಗಳಲ್ಲೂ ಬಹಳ ಕೆಲವರಿಗೆ ಮಾತ್ರ, ಅದರಲ್ಲೂ ಪಥ್ಯಕ್ಕೆ ಬಗ್ಗದ ರೋಗವುಳ್ಳವರಿಗೆ ಮುಖ್ಯವಾಗಿ, ಲಿಂಫೋಮಾದ ಅಪಾಯವಿದೆ.

ಎರಡನೆಯದಕ್ಕೂ ಗೋಧಿಗೂ ಸಂಬಂಧವಿಲ್ಲ. ಏಷ್ಯಾದ ದೇಶಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ಮೊದಲು ಇದನ್ನು ಸೀಲಿಯಾಕ್ ಸಂಬಂಧಿ ಲಿಂಫೋಮಾದ ಎರಡನೆಯ ಬಗೆಯೆಂದು ಕರೆಯುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ 2016ರ ಪರಿಷ್ಕೃತ ವರ್ಗೀಕರಣದಲ್ಲಿ ಇದಕ್ಕೆ ಸ್ವತಂತ್ರ ಹೆಸರು ದೊರೆಯಿತು. ಆದ್ದರಿಂದ ‘ನಾವು ಕುಚ್ಚಲಕ್ಕಿ ಗಂಜಿ ಉಣ್ಣುವವರು’, ‘ನಾವು ಜೋಳದ ರೊಟ್ಟಿಯವರು, ನಮಗೆ ಇದು ಬಾರದು’ ಎಂದು ನಿಶ್ಚಿಂತರಾಗಿರುವಂತಿಲ್ಲ.

ತಡವಾಗುವುದು ಏಕೆ?

ಮೊದಲ ಕಾರಣ ರೋಗದ ನೆಲೆ. ಬಾಯಿಯ ಮೂಲಕ ಇಳಿಸುವ ಎಂಡೋಸ್ಕೋಪಿಯ ಕೊಳವೆ ಜಠರವನ್ನು ದಾಟಿ ಸಣ್ಣ ಕರುಳಿನ ಮೊದಲ ಭಾಗದವರೆಗೆ ಹೋಗುತ್ತದೆ. ಗುದದ್ವಾರದ ಮೂಲಕ ಮಾಡುವ ಕೊಲೊನೋಸ್ಕೋಪಿಯು ದೊಡ್ಡ ಕರುಳನ್ನು ದಾಟಿ ಸಣ್ಣ ಕರುಳಿನ ತುದಿಯನ್ನು ಮಾತ್ರ ಮುಟ್ಟುತ್ತದೆ. ಇವೆರಡರ ನಡುವೆ ಉಳಿಯುವ ಉದ್ದನೆಯ ಹಾದಿಯಲ್ಲಿ, ವಿಶೇಷವಾಗಿ ಜೆಜುನಮ್ ಎಂಬ ಭಾಗದಲ್ಲಿ, ಈ ಲಿಂಫೋಮಾ ಹೆಚ್ಚಾಗಿ ಮನೆಮಾಡುತ್ತದೆ. ‘ಮೇಲಿನಿಂದಲೂ ನೋಡಿದರು, ಕೆಳಗಿನಿಂದಲೂ ನೋಡಿದರು, ಏನೂ ಇಲ್ಲ ಎಂದರು’ ಎಂಬ ಮಾತನ್ನು ನಾವು ಕೇಳುತ್ತೇವೆ. ಎರಡೂ ಪರೀಕ್ಷೆಗಳು ಸರಿಯಾಗಿಯೇ ಆಗಿರಬಹುದು. ಆದರೂ ನಡುವಿನ ಹಾದಿ ಕಾಣದೆ ಉಳಿದಿರುತ್ತದೆ.

ಆ ಹಾದಿಯನ್ನು ನೋಡಲು ಇಂದು ಉಪಾಯಗಳಿವೆ. ಸಿ.ಟಿ. ಎಂಟೆರೋಗ್ರಫಿ ಎಂಬ ವಿಶೇಷ ಸ್ಕ್ಯಾನ್ ಕರುಳಿನ ಗೋಡೆಯ ದಪ್ಪವನ್ನೂ ಗ್ರಂಥಿಗಳ ಊತವನ್ನೂ ತೋರಿಸುತ್ತದೆ. ನುಂಗುವ ಗುಳಿಗೆಯ ಗಾತ್ರದ ಕ್ಯಾಮೆರಾ ಒಳಗಿನ ಚಿತ್ರಗಳನ್ನು ಕಳುಹಿಸುತ್ತದೆ. ಆದರೆ ಅದು ತುಣುಕನ್ನು ತೆಗೆಯಲಾರದು, ಕರುಳು ಕಿರಿದಾಗಿರುವಲ್ಲಿ ಸಿಕ್ಕಿಕೊಳ್ಳುವ ಅಪಾಯವೂ ಇದೆ. ಬಲೂನಿನ ನೆರವಿನಿಂದ ಕೊಳವೆಯನ್ನು ಸಣ್ಣ ಕರುಳಿನೊಳಗೆ ಆಳವಾಗಿ ಒಯ್ಯುವ ಎಂಟೆರೋಸ್ಕೋಪಿ ಮಾತ್ರ ನೋಡುವುದನ್ನೂ ತುಣುಕು ತೆಗೆಯುವುದನ್ನೂ ಒಟ್ಟಿಗೆ ಮಾಡುತ್ತದೆ. ಇದನ್ನು ಈ ಶತಮಾನದ ಆರಂಭದಲ್ಲಿ ಜಪಾನಿನ ಹಿರೊನೊರಿ ಯಮಾಮೊಟೊ ಬಳಕೆಗೆ ತಂದರು.

ಎರಡನೆಯ ಕಾರಣ ಕ್ಷಯರೋಗ. ನಮ್ಮ ದೇಶದಲ್ಲಿ ಕ್ಷಯ ಇಂದಿಗೂ ವ್ಯಾಪಕ. ಅದು ಕರುಳಿಗೂ ಬರುತ್ತದೆ. ಜ್ವರ, ಹೊಟ್ಟೆನೋವು, ತೂಕ ಇಳಿಯುವುದು, ಕರುಳಿನಲ್ಲಿ ಹುಣ್ಣು, ಗ್ರಂಥಿಗಳ ಊತ ಇವೆಲ್ಲ ಎರಡಕ್ಕೂ ಸಮಾನ. ಕ್ರೋನ್ಸ್ ಎಂಬ ಕರುಳಿನ ಉರಿಯೂತದ ಕಾಯಿಲೆಯೂ ಇದೇ ವೇಷದಲ್ಲಿ ಬರುತ್ತದೆ. ಕರುಳಿನ ಕ್ಷಯದಲ್ಲಿ ತುಣುಕಿನಲ್ಲಿಯೂ ರೋಗಾಣು ಅನೇಕ ಸಲ ಸಿಗುವುದಿಲ್ಲ. ಹೀಗಾಗಿ ಕ್ಷಯವೆಂದು ಬಲವಾಗಿ ಸಂಶಯವಿದ್ದಾಗ, ಸಾಕ್ಷ್ಯ ಪೂರ್ಣವಾಗಿ ದೊರೆಯದಿದ್ದರೂ ಕ್ಷಯದ ಔಷಧಿಯನ್ನು ಪ್ರಾರಂಭಿಸಿ ನೋಡುವ ರೂಢಿ ಬೆಳೆದಿದೆ. ನಮ್ಮ ಪರಿಸ್ಥಿತಿಯಲ್ಲಿ ಇದು ತಪ್ಪಲ್ಲ. ಆದರೆ ಇಂಥ ಪರೀಕ್ಷಾರ್ಥ ಚಿಕಿತ್ಸೆಗೆ ಒಂದು ನಿಯಮವಿದೆ. ಎರಡು ತಿಂಗಳಲ್ಲಿ ಜ್ವರ ಇಳಿಯಬೇಕು, ಹಸಿವು ಮರಳಬೇಕು, ತೂಕ ಏರಬೇಕು, ಮತ್ತೆ ಕೊಳವೆ ಇಳಿಸಿ ನೋಡಿದಾಗ ಹುಣ್ಣುಗಳು ಮಾಯುತ್ತಿರಬೇಕು. ಹಾಗಾಗದಿದ್ದರೆ ‘ಆರು ತಿಂಗಳ ಕೋರ್ಸ್ ಮುಗಿಯಲಿ’ ಎಂದು ಕಾಯುವುದು ಸರಿಯಲ್ಲ. ನಿದಾನವನ್ನೇ ಮತ್ತೆ ಪ್ರಶ್ನಿಸಬೇಕು. ಸಂಶಯದ ಮೇಲೆ ಆರಂಭಿಸಿದ ಚಿಕಿತ್ಸೆಯು ಎಷ್ಟೋ ಸಲ ಎರಡನೆಯ ತಿಂಗಳಿಗೇ ಖಚಿತ ನಿದಾನದ ಗೌರವವನ್ನು ಪಡೆದುಬಿಡುತ್ತದೆ. ಆಮೇಲೆ ಅದನ್ನು ಪ್ರಶ್ನಿಸುವವರಿರುವುದಿಲ್ಲ.

ಮೂರನೆಯ ಕಾರಣ ನಮ್ಮ ಕಡೆಯದು. ಗ್ರಹಣಿಯೆಂಬ ಹೆಸರು ಒಮ್ಮೆ ಅಂಟಿದರೆ ಔಷಧಿಗಳು ಬದಲಾಗುತ್ತವೆಯೇ ಹೊರತು ಹೆಸರು ಬದಲಾಗುವುದಿಲ್ಲ. ಒಂದು ತಿಂಗಳು ದಾಡಿಮಾಷ್ಟಕ ಚೂರ್ಣ, ಮತ್ತೊಂದು ತಿಂಗಳು ಕುಟಜಾರಿಷ್ಟ, ಆಮೇಲೆ ಇನ್ನೊಬ್ಬ ವೈದ್ಯರ ಕಷಾಯ. ನಡುವೆ ಒಂದು ವಾರ ಹಿತವೆನಿಸುತ್ತದೆ; ಮತ್ತೆ ಹಳೆಯ ಸ್ಥಿತಿ. ಪಂಚೆ ಸಡಿಲವಾಗುತ್ತದೆ, ಕಪೋಲಗಳು ಗುಳಿಬೀಳುತ್ತವೆ. ‘ಪಥ್ಯ ಮಾಡುತ್ತಿದ್ದಾರಲ್ಲ, ಅದಕ್ಕೇ ಸೊರಗಿದ್ದಾರೆ’ ಎಂದು ಮನೆಯವರು ಸಮಾಧಾನ ತಂದುಕೊಳ್ಳುತ್ತಾರೆ. ಈ ಚಿತ್ರ ಯಾರೊಬ್ಬರದೂ ಅಲ್ಲ. ಕಾಪುವಿನ ಕಡಲ ತೀರದಲ್ಲಿಯೂ, ಕಾರ್ಕಳದ ಅಡಿಕೆ ತೋಟಗಳ ನಡುವೆಯೂ, ಬಯಲುಸೀಮೆಯ ಹಳ್ಳಿಗಳಲ್ಲಿಯೂ ನಡೆಯುವ ಸಂಗತಿ ಇದು. ಇವರಲ್ಲಿ ಬಹುತೇಕರಿಗೆ ಕೊನೆಗೆ ಸಿಗುವ ಉತ್ತರ ಲಿಂಫೋಮಾ ಅಲ್ಲದಿರಬಹುದು. ಕ್ಷಯವೋ, ಸೀಲಿಯಾಕ್ ರೋಗವೋ, ಥೈರಾಯ್ಡ್ ದೋಷವೋ ಇರಬಹುದು. ಯಾವುದೇ ಇರಲಿ, ಕಾರಣ ಹುಡುಕದೆ ಕಳೆದ ಕಾಲವು ನಷ್ಟವೇ.

ಸ್ಟೆರಾಯ್ಡ್ ಎಂಬ ಮುಸುಕು

ಒಂದು ವಿಷಯವನ್ನು ನಮ್ಮ ವೃತ್ತಿಬಾಂಧವರ ಮುಜುಗರವನ್ನು ಲೆಕ್ಕಿಸದೆ ಹೇಳಬೇಕಾಗಿದೆ. ಹೆಸರಿಲ್ಲದ ಪೊಟ್ಟಣಗಳಲ್ಲಿ ಮಾರಲಾಗುವ ಕೆಲವು ‘ಆಯುರ್ವೇದ’ ಪುಡಿಗಳಲ್ಲಿ, ಗುಳಿಗೆಗಳಲ್ಲಿ ಸ್ಟೆರಾಯ್ಡ್ ಬೆರೆಸಿರುವುದುಂಟು. ಸ್ಟೆರಾಯ್ಡ್ ಒಳಗೆ ಹೋದರೆ ಎರಡು ದಿನಗಳಲ್ಲಿ ಹಸಿವು ಕೆರಳುತ್ತದೆ, ನೋವು ತಗ್ಗುತ್ತದೆ, ಮುಖ ತುಂಬಿಕೊಳ್ಳುತ್ತದೆ. ರೋಗಿಯು ಔಷಧಿ ಹಿಡಿಯಿತೆಂದು ಸಂತೋಷಪಡುತ್ತಾನೆ.

ಲಿಂಫೋಸೈಟ್‌ಗಳನ್ನು ನಾಶಮಾಡುವ ಶಕ್ತಿ ಸ್ಟೆರಾಯ್ಡ್‌ಗೆ ಇದೆ. ಲಿಂಫೋಮಾದ ಚಿಕಿತ್ಸೆಯಲ್ಲಿಯೂ ಅದೊಂದು ಅಂಗ. ಆದರೆ ಅದೊಂದೇ ಈ ರೋಗವನ್ನು ವಾಸಿಮಾಡದು. ತುಣುಕು ತೆಗೆಯುವ ಮುನ್ನವೇ ಅದನ್ನು ಕೊಟ್ಟರೆ ಗಡ್ಡೆ ತಾತ್ಕಾಲಿಕವಾಗಿ ಕುಗ್ಗಬಹುದು, ಜೀವಕೋಶಗಳ ರೂಪ ಕೆಡಬಹುದು. ರೋಗವಿಜ್ಞಾನಿಗೆ ಸತ್ತ ಅಂಗಾಂಶವೋ ಸಾಮಾನ್ಯ ಉರಿಯೂತವೋ ಕಂಡು, ನಿಜವಾದ ರೋಗ ಕಣ್ತಪ್ಪಬಹುದು. ಕೆಲವು ವಾರಗಳ ಬಳಿಕ ರೋಗ ಮರಳಿ ತಲೆಯೆತ್ತುವಾಗ ದೇಹದ ಬಲ ಉಡುಗಿರುತ್ತದೆ. ಪುಡಿ ಕೊಟ್ಟವನಂತಲ್ಲದೆ, ಕ್ರೋನ್ಸ್ ಎಂದು ಭಾವಿಸಿ ಸದುದ್ದೇಶದಿಂದ ಸ್ಟೆರಾಯ್ಡ್ ಬರೆದುಕೊಡುವ ವೈದ್ಯರಿಗೂ ಈ ಎಚ್ಚರ ಬೇಕು: ಮೊದಲು ತುಣುಕು, ಆಮೇಲೆ ಸ್ಟೆರಾಯ್ಡ್.

ಕಾನೂನಿನಂತೆ ತಯಾರಾದ ಆಯುರ್ವೇದ ಔಷಧಿಯ ಮೇಲೆ ಘಟಕಗಳ ಹೆಸರು, ತಯಾರಕರ ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ ಇರಲೇಬೇಕು. ಇವಿಲ್ಲದ ಪೊಟ್ಟಣವನ್ನು ಯಾರೇ ಕೊಡಲಿ, ಸ್ವೀಕರಿಸಬೇಡಿ. ಈಗಾಗಲೇ ಅಂಥದ್ದನ್ನು ಬಹುಕಾಲ ಸೇವಿಸಿದ್ದರೆ ತಾವೇ ತಟ್ಟನೆ ನಿಲ್ಲಿಸಬೇಡಿ. ಸ್ಟೆರಾಯ್ಡ್ ಅನ್ನು ಒಮ್ಮೆಲೇ ಬಿಡುವುದೂ ಅಪಾಯಕಾರಿ. ಪೊಟ್ಟಣವನ್ನು ಕೈಯಲ್ಲಿ ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ, ಸಂಕೋಚಪಡದೆ ತೋರಿಸಿ.

ತುಣುಕು ಹೇಳುವ ಸತ್ಯ

‘ಗಡ್ಡೆಗೆ ಸೂಜಿ ತಾಗಿಸಿದರೆ ಹರಡುತ್ತದೆ, ಕತ್ತಿ ಮುಟ್ಟಿದರೆ ಕೆರಳುತ್ತದೆ’ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಕರುಳಿನ ಲಿಂಫೋಮಾದ ಮಟ್ಟಿಗೆ ಈ ಭಯಕ್ಕೆ ಆಧಾರವಿಲ್ಲ. ಲಿಂಫೋಮಾ ಹರಡುವುದು ತನ್ನ ಸ್ವಭಾವದಿಂದ, ಬಯಾಪ್ಸಿಯಿಂದಲ್ಲ. ಬಯಾಪ್ಸಿಯನ್ನು ತಪ್ಪಿಸಿಕೊಂಡವರು ರೋಗದಿಂದ ತಪ್ಪಿಸಿಕೊಂಡಂತಾಗುವುದಿಲ್ಲ. ಸರಿಯಾದ ಚಿಕಿತ್ಸೆಯಿಂದ ಮಾತ್ರ ತಪ್ಪಿಸಿಕೊಂಡಿರುತ್ತಾರೆ.

ತೆಗೆದ ತುಣುಕನ್ನು ಫಾರ್ಮಲಿನ್ ದ್ರವದಲ್ಲಿರಿಸಿ, ಬಳಿಕ ಮೇಣದ ಅಚ್ಚಿನಲ್ಲಿ ಕೂರಿಸಿ, ತೆಳುವಾದ ಪದರಗಳಾಗಿ ಕೊಯ್ದು, ಬಣ್ಣ ಹಾಕಿ ನೋಡುತ್ತಾರೆ. ಮೊದಲ ನೋಟದಲ್ಲಿ ಲಿಂಫೋಸೈಟ್‌ಗಳ ಗುಂಪು ಕಂಡೀತು. ಆದರೆ ಅವು ಬಿ ಬಗೆಯವೋ ಟಿ ಬಗೆಯವೋ ಎಂಬುದು ಅಷ್ಟರಿಂದ ತಿಳಿಯದು. ಅದಕ್ಕೆ ಇಮ್ಯುನೊಹಿಸ್ಟೊಕೆಮಿಸ್ಟ್ರಿ ಎಂಬ ಎರಡನೆಯ ಹಂತ ಬೇಕು. ಜೀವಕೋಶಗಳ ಮೇಲಿರುವ ಗುರುತುಗಳಿಗೆ ಮಾತ್ರ ಅಂಟುವ ಪ್ರತಿಕಾಯಗಳನ್ನು ಹಾಕಿ, ಯಾವುದು ಬಣ್ಣ ತಾಳುತ್ತದೆಂದು ನೋಡುವ ವಿಧಾನವದು. ಸಿಡಿ-20 ಬಣ್ಣ ತಾಳಿದರೆ ಸಾಮಾನ್ಯವಾಗಿ ಬಿ-ಜೀವಕೋಶ, ಸಿಡಿ-3 ತಾಳಿದರೆ ಟಿ-ಜೀವಕೋಶ. ಏಷ್ಯಾದಲ್ಲಿ ಹೆಚ್ಚಾಗಿ ಕಾಣುವ ಬಗೆಯು ಬಹುಮಟ್ಟಿಗೆ ಸಿಡಿ-8 ಮತ್ತು ಸಿಡಿ-56 ಎಂಬ ಗುರುತುಗಳನ್ನು ತೋರುತ್ತದೆ. ಸೀಲಿಯಾಕ್ ಸಂಬಂಧಿ ಬಗೆಯು ಅನೇಕ ವೇಳೆ ಸಿಡಿ-30 ಗುರುತನ್ನು ತೋರುತ್ತದೆ. ಅಗತ್ಯವಿದ್ದರೆ ಟಿ-ಜೀವಕೋಶಗಳೆಲ್ಲ ಒಂದೇ ಸಂತತಿಯವೇ ಎಂಬ ವಂಶವಾಹಿ ಪರೀಕ್ಷೆಯನ್ನೂ ಮಾಡುತ್ತಾರೆ. ಆದ್ದರಿಂದ ವರದಿಗೆ ಕೆಲವು ದಿನ ಹೆಚ್ಚು ಹಿಡಿದರೆ ವೈದ್ಯರ ಮೇಲೆ ಸಿಡುಕುವುದು ಬೇಡ.

ಭಕ್ತರು ತಿಳಿದಿರಬೇಕಾದ ಒಂದು ವ್ಯಾವಹಾರಿಕ ಸಂಗತಿಯಿದೆ. ಆ ಮೇಣದ ಅಚ್ಚುಗಳನ್ನು, ಅಂದರೆ ಬ್ಲಾಕ್‌ಗಳನ್ನು ಪ್ರಯೋಗಾಲಯದಲ್ಲಿ ಕಾದಿಡುತ್ತಾರೆ. ಬೇರೆ ಊರಿನ ದೊಡ್ಡ ಆಸ್ಪತ್ರೆಗೆ ಹೋಗುವಾಗ ವರದಿಯ ಕಾಗದವಷ್ಟೇ ಸಾಲದು. ಬ್ಲಾಕ್ ಮತ್ತು ಸ್ಲೈಡ್‌ಗಳನ್ನು ಕೇಳಿ ಪಡೆದುಕೊಂಡು ಹೋಗಬೇಕು. ಅವಿದ್ದರೆ ಎಷ್ಟೋ ವೇಳೆ ಮತ್ತೊಮ್ಮೆ ತುಣುಕು ತೆಗೆಯುವ ಪ್ರಮೇಯವೇ ಬಾರದು. ಕರುಳು ತೂತಾಗಿ ತುರ್ತು ಶಸ್ತ್ರಕ್ರಿಯೆ ಆದವರು ತೆಗೆದ ಭಾಗವನ್ನು ಪರೀಕ್ಷೆಗೆ ಕಳುಹಿಸಿದ್ದಾರೆಯೇ ಎಂದು ಕೇಳಲೇಬೇಕು, ವರದಿ ಬರುವವರೆಗೆ ಬೆನ್ನು ಹತ್ತಬೇಕು. ಅನೇಕ ರೋಗಿಗಳಲ್ಲಿ ಈ ಲಿಂಫೋಮಾ ಮೊದಲ ಬಾರಿಗೆ ಪತ್ತೆಯಾಗುವುದು ಹಾಗೆಯೇ.

ಹೆಸರು ನಿಖರವಾಗಿರಬೇಕು

ಈ ರೋಗವು ಉಗ್ರವೆಂದು ಹೇಳಿದೆ. ಮರೆಮಾಚುವುದು ಬೇಡ: ಚಿಕಿತ್ಸೆ ದೊರೆತರೂ ಹಲವರು ಹೆಚ್ಚು ಕಾಲ ಉಳಿಯುವುದಿಲ್ಲ. ‘ಹಾಗಾದರೆ ತಿಳಿದು ಮಾಡುವುದೇನು? ಮನೆಯಲ್ಲೇ ನೆಮ್ಮದಿಯಾಗಿರಲಿ’ ಎಂದು ಕೇಳುವವರಿದ್ದಾರೆ. ಇದಕ್ಕೆ ನನ್ನ ಉತ್ತರ ಮೂರು.

ಒಂದು, ಚಿಕಿತ್ಸೆಯ ಫಲ ದೇಹದ ಬಲವನ್ನು ಅವಲಂಬಿಸಿದೆ. ಕರುಳು ತೂತಾಗುವ ಮೊದಲು, ಮೈಯ ಮಾಂಸ ಕರಗುವ ಮೊದಲು ನಿದಾನವಾದವರು ಕಿಮೋಥೆರಪಿಯನ್ನು ತಾಳಿಕೊಳ್ಳುತ್ತಾರೆ. ಅದಕ್ಕೆ ರೋಗ ಬಗ್ಗಿದರೆ ಅರ್ಹರಾದವರಿಗೆ ಅವರದೇ ಆಕರಕೋಶಗಳ ಕಸಿಯನ್ನು ಮಾಡಲು ಸಾಧ್ಯವಾಗುತ್ತದೆ. ಬಹುಕಾಲ ಬದುಕಿದವರು ಇಂಥವರ ನಡುವೆಯೇ ಕಾಣುತ್ತಾರೆ.

ಎರಡು, ಉಗ್ರವೆಂದು ತೋರುವುದೆಲ್ಲ ಉಗ್ರವಲ್ಲ. ಕರುಳಿನಲ್ಲಿ ಟಿ-ಜೀವಕೋಶಗಳು ಹೆಚ್ಚುವ, ಆದರೆ ವರ್ಷಗಟ್ಟಲೆ ನಿಧಾನವಾಗಿ ಸಾಗುವ ಮಂದಗತಿಯ ಬಗೆಯೊಂದಿದೆ. ಅದಕ್ಕೆ ಉಗ್ರ ಲಿಂಫೋಮಾಕ್ಕೆ ಕೊಡುವ ಪ್ರಬಲ ಔಷಧಿಗಳನ್ನು ಕೊಟ್ಟರೆ ಲಾಭಕ್ಕಿಂತ ಹಾನಿಯೇ ಹೆಚ್ಚು. ಆದ್ದರಿಂದ ನಿಖರ ನಿದಾನವು ಚಿಕಿತ್ಸೆ ಬೇಕಾದವರನ್ನು ಉಳಿಸುವಂತೆ, ಬೇಡದವರನ್ನೂ ಕಾಪಾಡುತ್ತದೆ.

ಮೂರು, ಗುಣವಾಗದ ಸ್ಥಿತಿಯಲ್ಲಿಯೂ ತಿಳಿದಿರುವುದಕ್ಕೆ ಬೆಲೆಯಿದೆ. ನೋವು ನೀಗುವ ಉಪಶಾಮಕ ಚಿಕಿತ್ಸೆ, ಆಹಾರದ ವ್ಯವಸ್ಥೆ, ಮನೆಯ ಜವಾಬ್ದಾರಿಗಳ ವಿಲೇವಾರಿ ಇವೆಲ್ಲ ಸತ್ಯ ತಿಳಿದಾಗ ಮಾತ್ರ ಸಾಧ್ಯ. ಏನೆಂದು ತಿಳಿಯದೆ ಊರೂರು ಅಲೆದು, ಹೊಲ ಅಡವಿಟ್ಟು ಪುಡಿ ತಂದು ನರಳುವುದನ್ನು ನೆಮ್ಮದಿಯೆಂದು ಕರೆಯಲಾಗದು.

ಶಾಸ್ತ್ರ ಏನನ್ನುತ್ತದೆ?

ಆಯುರ್ವೇದ ವೈದ್ಯನೊಬ್ಬ ಬಯಾಪ್ಸಿಯ ಪರವಾಗಿ ಬರೆಯುವುದು ಕೆಲವರಿಗೆ ವಿಚಿತ್ರವೆನಿಸಬಹುದು. ನಮ್ಮ ಶಾಸ್ತ್ರವನ್ನು ಓದಿದವರಿಗೆ ಹಾಗೆನಿಸದು. ಮೊದಲು ರೋಗವನ್ನು ಪರೀಕ್ಷಿಸಬೇಕು, ತರುವಾಯ ಔಷಧವನ್ನು ಯೋಜಿಸಬೇಕು ಎಂಬುದು ಚರಕನ ಸ್ಪಷ್ಟ ಅಭಿಪ್ರಾಯ. ಆಪ್ತರ ಉಪದೇಶ, ಪ್ರತ್ಯಕ್ಷ, ಅನುಮಾನ ಎಂಬ ಮೂರು ಸಾಧನಗಳಿಂದ ರೋಗವನ್ನು ಅರಿಯಬೇಕೆಂದು ವಿಮಾನಸ್ಥಾನದಲ್ಲಿ ಹೇಳಿದೆ. ಸೂಕ್ಷ್ಮದರ್ಶಕವು ಪ್ರತ್ಯಕ್ಷದ ವ್ಯಾಪ್ತಿಯನ್ನು ಹಿಗ್ಗಿಸಿದೆಯೇ ಹೊರತು ಶಾಸ್ತ್ರಕ್ಕೆ ವಿರುದ್ಧವಾದುದೇನನ್ನೂ ಮಾಡಿಲ್ಲ.

ಎಲ್ಲ ರೋಗಗಳಿಗೂ ಹೆಸರು ಹೇಳಲಾಗದಿದ್ದರೆ ವೈದ್ಯನು ನಾಚಬೇಕಿಲ್ಲ ಎಂಬ ಅರ್ಥದ ಮಾತೂ ಚರಕಸಂಹಿತೆಯ ಸೂತ್ರಸ್ಥಾನದಲ್ಲಿದೆ. ದೋಷ, ಅಧಿಷ್ಠಾನ, ಕಾರಣಗಳನ್ನು ಅರಿತು ಚಿಕಿತ್ಸೆ ಮಾಡಬಹುದೆಂಬುದು ಅದರ ತಾತ್ಪರ್ಯ. ಇದನ್ನು ‘ಹೆಸರೇ ಬೇಡ, ಪರೀಕ್ಷೆಯೇ ಬೇಡ’ ಎಂದು ತಿರುಚುವವರಿದ್ದಾರೆ. ಅಧಿಷ್ಠಾನವನ್ನೂ ಕಾರಣವನ್ನೂ ಅರಿಯಬೇಕೆಂಬ ಷರತ್ತು ಅದೇ ಮಾತಿನೊಳಗಿದೆ ಎಂಬುದನ್ನು ಅವರು ಮರೆಯುತ್ತಾರೆ. ಇನ್ನು ಗುಲ್ಮ ಚಿಕಿತ್ಸೆಯ ಅಧ್ಯಾಯದಲ್ಲಿ, ಪಕ್ವವಾದ ಗುಲ್ಮದ ವಿಷಯಕ್ಕೆ ಬಂದಾಗ, ಇಲ್ಲಿ ಧನ್ವಂತರಿ ಸಂಪ್ರದಾಯದವರಿಗೆ, ಅಂದರೆ ಶಸ್ತ್ರವೈದ್ಯರಿಗೆ ಅಧಿಕಾರವೆಂದು ಚರಕನೇ ದಾರಿ ಬಿಡುತ್ತಾನೆ. ತನ್ನ ಎಲ್ಲೆಯನ್ನು ಅರಿತು ರೋಗಿಯನ್ನು ಸಮರ್ಥರ ಕೈಗೆ ಒಪ್ಪಿಸುವುದು ನಮ್ಮ ಪರಂಪರೆಯ ಭಾಗವೇ ಹೊರತು ಸೋಲಲ್ಲ.

ಅರ್ಬುದವನ್ನು ಗುಣಪಡಿಸುತ್ತೇವೆಂದು ಜಾಹೀರಾತು ನೀಡುವುದನ್ನು 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯು ನಿಷೇಧಿಸಿದೆ. ಅಂಥ ಜಾಹೀರಾತು ಕಂಡರೆ ಅದು ಕಾನೂನನ್ನು ಮುರಿದವರ ಮಾತೆಂದು ತಿಳಿಯಿರಿ. ಆಯುರ್ವೇದಕ್ಕೆ ಇಲ್ಲಿ ಸ್ಥಾನವಿಲ್ಲವೆಂದು ಇದರ ಅರ್ಥವಲ್ಲ. ಪೇಯಾ, ವಿಲೇಪಿಗಳಂಥ ಲಘು ಆಹಾರದ ಕ್ರಮ, ದಿನಚರಿ, ನಿದ್ರೆ, ಮನೋಬಲ ಇವುಗಳಲ್ಲಿ ನಮ್ಮಿಂದಾಗುವ ಸಹಾಯ ಬಹಳ. ಆದರೆ ಕಿಮೋಥೆರಪಿ ನಡೆಯುವಾಗ ಯಾವ ಕಷಾಯ, ಭಸ್ಮ, ಗುಳಿಗೆಯನ್ನೂ ಅರ್ಬುದ ತಜ್ಞರಿಗೆ ತಿಳಿಸದೆ ಕೊಡಬಾರದು, ತೆಗೆದುಕೊಳ್ಳಲೂಬಾರದು.

ಯಾವಾಗ ಎಚ್ಚರಗೊಳ್ಳಬೇಕು?

‘ಹಾಗಾದರೆ ಭೇದಿಯಾದವರೆಲ್ಲ ಎಂಡೋಸ್ಕೋಪಿ ಮಾಡಿಸಬೇಕೆ?’ ಎಂಬ ಪ್ರಶ್ನೆ ಸಹಜ. ಬೇಡ. ಭೇದಿಯ ಬಹುಪಾಲು ಪ್ರಕರಣಗಳು ಸೋಂಕಿನಿಂದಲೋ ಆಹಾರದೋಷದಿಂದಲೋ ಆದವು. ತಾವಾಗಿಯೇ ಅಥವಾ ಸಾಮಾನ್ಯ ಔಷಧಿಯಿಂದ ಶಮನವಾಗುತ್ತವೆ. ಅಪರೂಪದ ರೋಗವನ್ನು ಗುರುತಿಸುವುದೆಂದರೆ, ಸಾಮಾನ್ಯ ರೋಗವು ತನ್ನ ನಡೆಯನ್ನು ತಪ್ಪಿದಾಗ ಅದನ್ನು ಗಮನಿಸುವುದು. ಕೆಳಗಿನ ಚಿಹ್ನೆಗಳಲ್ಲಿ ಯಾವುದಾದರೂ ಇದ್ದರೆ ತಜ್ಞರನ್ನು ಕಾಣಲು ತಡಮಾಡಬಾರದು.

1. ನಾಲ್ಕು ವಾರ ಮೀರಿದ ಭೇದಿ. ಅದರಲ್ಲೂ ನಿದ್ರೆಯಿಂದ ಎಬ್ಬಿಸುವ ರಾತ್ರಿಯ ಭೇದಿ.

2. ಪ್ರಯತ್ನಿಸದೆ ಇಳಿಯುವ ತೂಕ. ಆರು ತಿಂಗಳಲ್ಲಿ ನೂರಕ್ಕೆ ಐದರಷ್ಟು, ಅಂದರೆ 60 ಕೆ.ಜಿ. ಇದ್ದವರು 3 ಕೆ.ಜಿ. ಕಳೆದುಕೊಂಡರೂ ಅದು ಗಂಭೀರವೇ.

3. ಐವತ್ತು ದಾಟಿದ ಮೇಲೆ ಹೊಸದಾಗಿ ಆರಂಭವಾದ, ಪದೇಪದೇ ಬರುವ ಹೊಟ್ಟೆನೋವು; ಊಟದ ಬಳಿಕ ಹೊಟ್ಟೆ ಬಿಗಿದು ವಾಂತಿಯಾಗುವುದು.

4. ಕಾರಣ ತಿಳಿಯದ ಜ್ವರ, ರಾತ್ರಿ ಬೆವರು, ರಕ್ತಹೀನತೆ, ಕಾಲುಗಳ ಊತ, ಮಲದಲ್ಲಿ ರಕ್ತ ಅಥವಾ ಕಪ್ಪು ಮಲ.

5. ಕ್ಷಯದ ಔಷಧಿಯನ್ನು ಎರಡು ತಿಂಗಳು ಕ್ರಮವಾಗಿ ಸೇವಿಸಿದರೂ ಸುಧಾರಣೆ ಕಾಣದಿರುವುದು.

6. ಸೀಲಿಯಾಕ್ ರೋಗವಿದ್ದು, ಗೋಧಿಯನ್ನು ಪೂರ್ಣವಾಗಿ ಬಿಟ್ಟು ಚೆನ್ನಾಗಿದ್ದವರಲ್ಲಿ ಲಕ್ಷಣಗಳು ಮರಳುವುದು.

ಹೊಟ್ಟೆಯಲ್ಲಿ ಇದ್ದಕ್ಕಿದ್ದಂತೆ ತಡೆಯಲಾಗದ ನೋವು ಬಂದು, ಹೊಟ್ಟೆಯು ಹಲಗೆಯಂತೆ ಗಡುಸಾದರೆ ಅದು ಕರುಳು ತೂತಾದ ಸೂಚನೆಯಿರಬಹುದು. ಆಗ ಹರಳೆಣ್ಣೆ, ವಿರೇಚನ, ಬಸ್ತಿ, ಹೊಟ್ಟೆ ತಿಕ್ಕುವುದು ಯಾವುದೂ ಕೂಡದು. ನೀರನ್ನೂ ಕುಡಿಸದೆ, ಗಂಟೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಇನ್ನೊಂದು ಮಾತು: ‘ಗೋಧಿ ಬಿಟ್ಟು ನೋಡೋಣ’ ಎಂದು ತಾವೇ ಪಥ್ಯ ಆರಂಭಿಸಬೇಡಿ. ಗೋಧಿ ಬಿಟ್ಟ ಮೇಲೆ ಸೀಲಿಯಾಕ್ ರೋಗದ ರಕ್ತಪರೀಕ್ಷೆಯೂ ಬಯಾಪ್ಸಿಯೂ ತಪ್ಪು ಉತ್ತರ ಕೊಡಬಹುದು. ಮೊದಲು ಪರೀಕ್ಷೆ, ಆಮೇಲೆ ಪಥ್ಯ.

ಬಾಗಿಲು ಹತ್ತಿರವೇ ಇದೆ

ಉಡುಪಿ ಜಿಲ್ಲೆಯವರಿಗೆ ದೂರದ ನೆಪವಿಲ್ಲ. 1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಸ್ಥಾಪಿಸಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಿಂದಾಗಿ ಮಣಿಪಾಲದಲ್ಲಿ ದೊಡ್ಡ ಬೋಧನಾ ಆಸ್ಪತ್ರೆಯೂ, ಅದರ ಅಂಗವಾಗಿ ಶಿರ್ಡಿ ಸಾಯಿಬಾಬಾ ಕ್ಯಾನ್ಸರ್ ಆಸ್ಪತ್ರೆಯೂ ಇವೆ. ಕಾಪುವಿನಿಂದ ಅಲ್ಲಿಗೆ ಸುಮಾರು 20 ಕಿ.ಮೀ., ಕಾರ್ಕಳದಿಂದ 40 ಕಿ.ಮೀ.ಗೂ ಕಡಿಮೆ. ಕಾರ್ಕಳದಲ್ಲಿಯೇ ಡಾ. ಟಿ.ಎಂ.ಎ. ಪೈ ರೋಟರಿ ಆಸ್ಪತ್ರೆಯಿದೆ. ಉಡುಪಿಯ ಅಜ್ಜರಕಾಡಿನಲ್ಲಿ ಸರ್ಕಾರಿ ಜಿಲ್ಲಾ ಆಸ್ಪತ್ರೆಯಿದೆ. ಬೆಂಗಳೂರಿನ ಕಡೆಯವರಿಗೆ 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಿದೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಡತನ ರೇಖೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ನೆರವಿದೆ. ಪಡಿತರ ಚೀಟಿ ಮತ್ತು ಆಧಾರ್ ಸಮೇತ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿದರೆ ಮುಂದಿನ ದಾರಿ ತಿಳಿಯುತ್ತದೆ. ಇಷ್ಟು ಹತ್ತಿರವಿರುವ ಬಾಗಿಲನ್ನು ತಲಪಲು ಆರು ತಿಂಗಳು ಹಿಡಿಯುವುದಾದರೆ, ಆ ದೂರ ರಸ್ತೆಯದಲ್ಲ. ನಮ್ಮ ಮನಸ್ಸಿನದು, ವೈದ್ಯರಾದ ನಮ್ಮ ಅಭ್ಯಾಸದ್ದು.

ನನ್ನ ವೃತ್ತಿಬಾಂಧವರಲ್ಲಿ ಒಂದು ಸಲಹೆಯನ್ನು ಇಡುತ್ತೇನೆ. ದೀರ್ಘಕಾಲದ ಹೊಟ್ಟೆಯ ಕಾಯಿಲೆಗೆ ಔಷಧಿ ಬರೆಯುವ ದಿನವೇ ಚೀಟಿಯ ಮೇಲೆ ರೋಗಿಯ ತೂಕವನ್ನೂ ಚಿಕಿತ್ಸೆಯ ಅವಧಿಯನ್ನೂ ಬರೆಯೋಣ: ‘ಇಂತಿಷ್ಟು ವಾರ, ಗುಣ ಕಾಣದಿದ್ದರೆ ಮುಂದಿನ ಪರೀಕ್ಷೆ’ ಎಂದು. ಎಚ್ಚರಿಕೆಯ ಚಿಹ್ನೆಗಳಿಲ್ಲದವರಿಗೆ ನಾಲ್ಕರಿಂದ ಆರು ವಾರ ಸಾಕು. ಚಿಹ್ನೆಗಳಿದ್ದವರನ್ನು ಮೊದಲ ದಿನವೇ ಕಳುಹಿಸೋಣ. ಬರೆದಿಟ್ಟ ಅವಧಿಯು ರೋಗಿಗೂ ವೈದ್ಯನಿಗೂ ಸಮಾನವಾಗಿ ನೆನಪು ಕೊಡುತ್ತದೆ. ಚೀಟಿಯಲ್ಲಿ ಅವಧಿ ಬರೆಯದ ವೈದ್ಯರನ್ನು ‘ಎಷ್ಟು ವಾರ ಕಾಯಬೇಕು, ಆಮೇಲೆ ಏನು?’ ಎಂದು ವಿನಯದಿಂದ ಕೇಳುವ ಹಕ್ಕು ಭಕ್ತರಾದ ತಮಗಿದೆ. ಹಾಗೆ ಕೇಳಿದವರನ್ನು ಒಳ್ಳೆಯ ವೈದ್ಯನು ಎಂದಿಗೂ ಗದರಿಸುವುದಿಲ್ಲ.

ಮನೆಯಲ್ಲಿ ಒಂದು ತೂಕದ ಯಂತ್ರವಿದ್ದರೆ, ಹಿರಿಯರ ತೂಕವನ್ನು ತಿಂಗಳಿಗೊಮ್ಮೆ ಕ್ಯಾಲೆಂಡರಿನ ಅಂಚಿನಲ್ಲಿ ಗುರುತು ಹಾಕಿಡಿ. ಆ ಒಂದು ಸಾಲು ಅಂಕಿಗಳು ಬಾಯಿಮಾತಿನ ಎಷ್ಟೋ ವಿವರಣೆಗಳಿಗಿಂತ ವೈದ್ಯನಿಗೆ ಹೆಚ್ಚು ಹೇಳುತ್ತವೆ. ಅಪರೂಪದ ರೋಗ ನಮ್ಮ ಮನೆಗೆ ಬಾರದಿರಲಿ. ಬಂದರೆ, ಅದರ ನಿಜವಾದ ಹೆಸರು ನಮಗೆ ಬೇಗ ತಿಳಿಯಲಿ.